ಏಳು ಕಾಫಿ ಬೀಜ ತಂದ ಬಾಬಾಬುಡನ್

ಚಂದ್ರದ್ರೋಣ ಪರ್ವತ

ಚಿಕ್ಕಮಗಳೂರಿನ ಉತ್ತರಕ್ಕೆ ಕುದುರೆ ಲಾಳದಂತೆ ಬಾಗಿ ನಿಂತಿರುವ ಗಿರಿಸಾಲೇ ಚಂದ್ರದ್ರೋಣ ಪರ್ವತ. ದೂರದಿಂದ ನೋಡಿದರೆ ಬಿದಿಗೆಯ ಚಂದ್ರನ ಹಾಗೆ ಕಾಣುವುದರಿಂದ ಈ ಹೆಸರು ಬಂತು ಅಂತಾರೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ (1,930 ಮೀಟರ್) ಇರುವುದು ಇದೇ ಸಾಲಿನಲ್ಲಿ. ಹನುಮಂತ ಸಂಜೀವಿನಿ ಪರ್ವತ ಹೊತ್ತು ಹಾರುವಾಗ ಅದರ ಒಂದು ಚೂರು ಇಲ್ಲಿ ಬಿತ್ತು, ಆದ್ದರಿಂದಲೇ ಈ ಬೆಟ್ಟದಲ್ಲಿ ಇಷ್ಟೊಂದು ಗಿಡಮೂಲಿಕೆ ಎಂಬುದು ಸುತ್ತಲಿನ ಜನರ ನಂಬಿಕೆ.

ಇಂಥ ಗಿರಿಯ ಮೇಲೆ ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿಯ ಗುಹೆ ಇದೆ. ಒಂದೇ ಗುಹೆ, ಒಂದೇ ನಂದಾದೀಪ. ದತ್ತಾತ್ರೇಯ ಸ್ವಾಮಿಯ ಪಾದುಕೆಗೆ ನಮಸ್ಕರಿಸಲು ಬರುವವರೂ, ದಾದಾ ಹಯಾತ್ ಮೀರ್ ಖಲಂದರರ ಸನ್ನಿಧಿಗೆ ಹರಕೆ ಹೊತ್ತು ಬರುವವರೂ ಒಂದೇ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗುತ್ತಾರೆ. ಬೆಟ್ಟ ಹತ್ತುವಾಗ ದಾರಿಯ ಎರಡೂ ಕಡೆ ಕಾಣುವ ಕಾಫಿ ಗಿಡಗಳಿಗೂ ಈ ಸನ್ನಿಧಿಗೂ ಇರುವ ಸಂಬಂಧ ಬಹಳ ಹಳೆಯದು. ಆ ಸಂಬಂಧದ ಕಥೆಯೇ ಬಾಬಾಬುಡನ್ ಅವರ ಜೀವನಚರಿತ್ರೆ.

ಬಾಬಾ ಯಾರು?

ಬಾಬಾಬುಡನ್ ಅವರು ಸೂಫಿ ಸಂತರು. ಈ ಬೆಟ್ಟದಲ್ಲಿ ಮೊದಲು ನೆಲೆಸಿದ ಸೂಫಿ ಗುರುಗಳು ದಾದಾ ಹಯಾತ್ ಮೀರ್ ಖಲಂದರ್ ಎಂದೂ, ಬಾಬಾಬುಡನ್ ಅವರು ಅದೇ ಪರಂಪರೆಯಲ್ಲಿ ನಂತರ ಬಂದ ಶಿಷ್ಯರು ಎಂದೂ ಒಂದು ಐತಿಹ್ಯ. ದಾದಾ ಬೇರೆ ಅಲ್ಲ, ಬಾಬಾ ಬೇರೆ ಅಲ್ಲ, ಇಬ್ಬರೂ ಒಬ್ಬರೇ ಎನ್ನುವವರೂ ಇದ್ದಾರೆ. ದತ್ತಾತ್ರೇಯರೇ ಆ ರೂಪದಲ್ಲಿ ಬಂದರು ಎಂದು ನಂಬಿ ನಡೆದುಕೊಳ್ಳುವ ಮನೆತನಗಳೂ ಉಂಟು. ಭಕ್ತರ ಮನೆಯಲ್ಲಿ ಕಥೆ ಹೇಗೆ ಬಂದಿದೆಯೋ ಹಾಗೆ ಹೇಳುತ್ತಾರೆ.

ಸೂಫಿ ಸಂತರು ಬೆಟ್ಟಕ್ಕೆ ಬಂದ ಕಾಲದಲ್ಲಿ ಸುತ್ತಲಿನ ಜನ ಪಾಳೆಯಗಾರರ ಕಾಟದಿಂದ ಬಳಲಿದ್ದರು, ಸಂತರು ಅವರ ಬೆನ್ನಿಗೆ ನಿಂತರು ಎಂದು ಜನ ಹೇಳುತ್ತಾರೆ. ಹಸಿದವರಿಗೆ ಅನ್ನ, ಕಾಯಿಲೆಯವರಿಗೆ ಬೆಟ್ಟದ ಮೂಲಿಕೆ, ನೊಂದವರಿಗೆ ಒಂದು ಒಳ್ಳೆಯ ಮಾತು ಇಲ್ಲಿ ಸಿಗುತ್ತಿತ್ತಂತೆ. ಜಾತಿ ಕೇಳಿ ಕೊಡುವ ಪದ್ಧತಿ ಇರಲಿಲ್ಲ. ಮುಂದೆ ಹೈದರಾಲಿ, ಟಿಪ್ಪು ಸುಲ್ತಾನ್, ಮೈಸೂರು ಅರಸರು ಎಲ್ಲರೂ ಈ ಸನ್ನಿಧಿಗೆ ನಡೆದುಕೊಂಡು ದತ್ತಿ ಕೊಟ್ಟರು.

ಮೆಕ್ಕಾ ಯಾತ್ರೆ

ಬಾಬಾರವರು ಹಜ್ ಯಾತ್ರೆಗೆ ಹೊರಟದ್ದು 17ನೇ ಶತಮಾನದಲ್ಲಿ. ಕಾಫಿಯ ಇತಿಹಾಸ ಬರೆದವರಲ್ಲಿ ಕೆಲವರು 1600ರ ಸುಮಾರು ಎನ್ನುತ್ತಾರೆ, ಹೆಚ್ಚಿನವರು 1670 ಎಂದು ಬರೆದಿದ್ದಾರೆ. ಈಗಿನ ಹಾಗೆ ವಿಮಾನ ಹತ್ತಿ ಕೆಲವೇ ತಾಸಿನಲ್ಲಿ ಇಳಿಯುವ ಕಾಲ ಅದಲ್ಲ. ಘಟ್ಟ ಇಳಿದು ಕರಾವಳಿ ಸೇರಬೇಕು, ಹಾಯಿಹಡಗಿಗೆ ಕಾಯಬೇಕು, ಹಡಗು ಸಿಕ್ಕಿದರೂ ಗಾಳಿ ಬೀಸುವ ದಿಕ್ಕಿಗೆ ಕಾಯಬೇಕು. ಹೋದವರು ತಿರುಗಿ ಬರುವ ಖಾತ್ರಿ ಇರಲಿಲ್ಲ. ಊರಿನವರೆಲ್ಲ ಕಣ್ಣೀರು ಹಾಕಿ ಕಳಿಸುತ್ತಿದ್ದ ಯಾತ್ರೆ ಅದು.

ಮೆಕ್ಕಾ ದರ್ಶನ ಮುಗಿಸಿ ತಿರುಗಿ ಬರುವ ದಾರಿಯಲ್ಲಿ ಯೆಮೆನ್ ದೇಶದ ಮೋಖಾ ಬಂದರು ಸಿಗುತ್ತದೆ. ಕೆಂಪು ಸಮುದ್ರದ ಬಾಯಿಗೆ ಹತ್ತಿರದ ಊರು. ಆ ಕಾಲದಲ್ಲಿ ಲೋಕಕ್ಕೆಲ್ಲ ಕಾಫಿ ಹೋಗುತ್ತಿದ್ದದ್ದು ಇಲ್ಲಿಂದಲೇ. ಇವತ್ತಿಗೂ ಕಾಫಿ ಅಂಗಡಿಗಳಲ್ಲಿ ಮೋಕಾ ಅನ್ನೋ ಹೆಸರು ಕೇಳುತ್ತೀರಲ್ಲ, ಅದು ಈ ಬಂದರಿನ ಹೆಸರೇ.

ಸೂಫಿಗಳ ಪಾನೀಯ

ಕಾಫಿ ಗಿಡದ ತವರು ಆಫ್ರಿಕಾದ ಇಥಿಯೋಪಿಯಾ. ಅಲ್ಲಿಂದ ಸಮುದ್ರ ದಾಟಿ ಯೆಮೆನ್‌ಗೆ ಬಂತು. 15ನೇ ಶತಮಾನದ ಹೊತ್ತಿಗೆ ಯೆಮೆನ್‌ನ ಸೂಫಿಗಳು ಇದರ ಕಷಾಯವನ್ನು ಕಹ್ವಾ ಎಂದು ಕರೆದು ಕುಡಿಯುತ್ತಿದ್ದರು. ರಾತ್ರಿಯಿಡೀ ದೇವರ ನಾಮಸ್ಮರಣೆ ಮಾಡುವಾಗ ಕಣ್ಣು ಎಳೆಯಬಾರದಲ್ಲ, ಅದಕ್ಕಾಗಿ. 1511ರಲ್ಲಿ ಮೆಕ್ಕಾದ ಅಧಿಕಾರಿಯೊಬ್ಬ ಕಾಫಿ ಕುಡಿಯುವುದನ್ನೇ ನಿಷೇಧಿಸಿದ್ದ. ಕೈರೋದ ಸುಲ್ತಾನ ಆ ನಿಷೇಧವನ್ನು ಒಪ್ಪಲಿಲ್ಲ, ಕಾಫಿ ಉಳಿಯಿತು.

ಹಾಗಾಗಿ ಬಾಬಾರವರಿಗೆ ಕಾಫಿ ಎಂದರೆ ಬರೀ ಬಾಯಿರುಚಿಯ ವಸ್ತು ಆಗಿರಲಿಕ್ಕಿಲ್ಲ. ಎಚ್ಚರವಾಗಿದ್ದು ಭಗವಂತನನ್ನು ನೆನೆಯುವವರಿಗೆ ಜೊತೆಯಾದ ಗಿಡ ಅದು. ನಮ್ಮ ದೇಶದಲ್ಲಿ ಕಾಫಿ ಕುಡಿಯುವುದು ಆಗಲೇ ಕೆಲವರಿಗೆ ಗೊತ್ತಿತ್ತು. ಮೊಘಲರ ಕಾಲದಲ್ಲಿ, 1616ರ ಸುಮಾರಿಗೆ ಇಲ್ಲಿಗೆ ಬಂದ ಇಂಗ್ಲಿಷ್ ಪಾದ್ರಿ ಎಡ್ವರ್ಡ್ ಟೆರಿ ಅದನ್ನು ಬರೆದಿಟ್ಟಿದ್ದಾನೆ. ಆದರೆ ಹಡಗಿನಲ್ಲಿ ಬರುತ್ತಿದ್ದದ್ದು ಕುಡಿಯುವ ಬೀಜ. ನೆಟ್ಟರೆ ಹುಟ್ಟುವ ಬೀಜ ಬರುತ್ತಿರಲಿಲ್ಲ.

ಗಡಿ ದಾಟದ ಬೀಜ

ಇದಕ್ಕೆ ಕಾರಣ ಉಂಟು. ಯೆಮೆನ್‌ನ ರೈತರು ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಕಟ್ಟಿ ಕಾಫಿ ಬೆಳೆಯುತ್ತಿದ್ದರು. ಮಳೆ ಕಡಿಮೆ, ನೀರು ಕಡಿಮೆ, ದುಡಿಮೆ ಬಹಳ. ಆ ದೇಶದ ಸಂಪತ್ತೆಲ್ಲ ಈ ಒಂದು ಬೆಳೆಯ ಮೇಲೆ ನಿಂತಿತ್ತು. ಗಿಡ ಬೇರೆ ದೇಶಕ್ಕೆ ಹೋದರೆ ತಮ್ಮ ಅನ್ನ ಹೋದಂತೆ ಎಂದು ಅರಬರು ಬಲು ಜೋಪಾನ ಮಾಡುತ್ತಿದ್ದರು. ಬಂದರಿಗೆ ಬರುವ ಬೀಜವನ್ನು ಬೇಯಿಸಿಯೋ ಹುರಿದೋ ಕಳಿಸುತ್ತಿದ್ದರು ಎಂದು ಹೇಳಲಾಗುತ್ತದೆ. ಬೆಂದ ಬೀಜ ಮೊಳೆಯುವುದಿಲ್ಲ. ಹಸಿ ಬೀಜ, ಗಿಡ ಯಾವುದನ್ನೂ ಹೊರಗಿನವರು ಒಯ್ಯುವ ಹಾಗಿರಲಿಲ್ಲ.

ಹೀಗಿರುವಾಗ ಬಾಬಾರವರು ಏಳು ಹಸಿ ಬೀಜಗಳನ್ನು ತಂದರು. ಹೊಟ್ಟೆಗೆ ಬಟ್ಟೆಯಲ್ಲಿ ಬಿಗಿದು ಕಟ್ಟಿಕೊಂಡು ಬಂದರು ಎಂಬುದು ಎಲ್ಲರೂ ಹೇಳುವ ಮಾತು. ಗಡ್ಡದಲ್ಲಿ ಇಟ್ಟುಕೊಂಡಿದ್ದರು ಅಂತ ಕೆಲವರು, ಪೊಳ್ಳು ಬೆತ್ತದಲ್ಲಿ ತುಂಬಿದ್ದರು ಅಂತ ಇನ್ನು ಕೆಲವರು. ಎಲ್ಲಿಟ್ಟರು ಎಂಬುದರಲ್ಲಿ ಭೇದ ಇದ್ದರೂ ಏಳು ಎಂಬ ಲೆಕ್ಕದಲ್ಲಿ ಭೇದ ಇಲ್ಲ. ಹಜ್‌ಗೆ ಹೋದವರು ಕಾಬಾಕ್ಕೆ ಏಳು ಸುತ್ತು ಬರುತ್ತಾರೆ, ಸಫಾ ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುತ್ತಾರೆ. ಏಳು ಪವಿತ್ರ ಸಂಖ್ಯೆ. ಸಪ್ತಋಷಿ, ಸಪ್ತಪದಿ ಎನ್ನುವ ನಮ್ಮ ಜನಕ್ಕೂ ಇದು ಹೊಸತಲ್ಲ.

ಇದು ಕಳವು ಅಲ್ಲವೇ ಎಂದು ಕೇಳುವ ಯಾತ್ರಾರ್ಥಿಗಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆ ದೇಶದ ಕಟ್ಟಳೆ ಮೀರಿದ್ದು ನಿಜ. ಮುಂದೆ ಕಾಫಿ ಲೋಕವೆಲ್ಲ ಹಬ್ಬಿದಾಗ ಮೋಖಾ ಬಂದರು ಬಡವಾದದ್ದೂ ನಿಜ. ಆ ಗುಡ್ಡದ ರೈತರ ನಷ್ಟವನ್ನು ಇಲ್ಲ ಎನ್ನಲು ಬರುವುದಿಲ್ಲ. ಆದರೆ ಬಾಬಾರವರು ಮೂಟೆ ಕಟ್ಟಿ ತರಲಿಲ್ಲ, ತಂದದ್ದನ್ನು ಮಾರಿ ಹಣ ಮಾಡಿದರು ಎಂಬ ಮಾತು ಯಾರ ಬಾಯಲ್ಲೂ ಇಲ್ಲ. ಫಕೀರನ ಹತ್ತಿರ ಇದ್ದದ್ದು ಏಳೇ ಬೀಜ. ಅದನ್ನು ತಮ್ಮ ಗುಹೆಯ ಮುಂದೆ ನೆಟ್ಟರು. ಬೆಳೆದದ್ದು ಬೆಟ್ಟದ ಜನಕ್ಕಾಯಿತು.

ಏಳು ಬೀಜ ಗಿಡವಾದದ್ದು

ತೋಟದವರಿಗೆ ಗೊತ್ತಿರುವ ಒಂದು ವಿಷಯ ಇಲ್ಲಿ ಹೇಳಬೇಕು. ಕಾಫಿ ಬೀಜ ರಾಗಿ ಭತ್ತದ ಹಾಗೆ ವರ್ಷಗಟ್ಟಲೆ ಕಾಯುವುದಿಲ್ಲ. ಹಣ್ಣು ಬಿಡಿಸಿದ ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ತೀರಾ ಒಣಗಬಾರದು, ಬೂಷ್ಟು ಹಿಡಿಯಬಾರದು. ಸಮುದ್ರದ ಉಪ್ಪುಗಾಳಿ, ಹಡಗಿನ ಸೆಕೆ, ಘಟ್ಟ ಹತ್ತುವ ದಿನಗಳು, ಇಷ್ಟನ್ನೂ ದಾಟಿ ಜೀವ ಉಳಿಸಿಕೊಂಡು ಬಂದ ಬೀಜ ಅವು. ಮೈಗೆ ಕಟ್ಟಿಕೊಂಡು ತಂದರು ಎಂಬ ಮಾತನ್ನು ಜನ ಪ್ರೀತಿಯಿಂದ ಹೇಳುವುದು ಇದಕ್ಕೇ.

ನೆಲಕ್ಕೆ ಹಾಕಿದ ಕಾಫಿ ಬೀಜ ಮೊಳೆಯಲು ಸುಮಾರು ಒಂದೂವರೆ ತಿಂಗಳು ಬೇಕು. ಸಸಿ ಮೇಲೇಳುವಾಗ ಬೀಜವನ್ನೇ ತಲೆಯ ಮೇಲೆ ಹೊತ್ತು ಬರುತ್ತದೆ. ಇದಕ್ಕೆ ತೋಟದಲ್ಲಿ ಟೋಪಿ ಹಂತ ಅಂತಾರೆ. ಹಣ್ಣು ಕಾಣಲು ಮೂರು ನಾಲ್ಕು ವರ್ಷ ಕಾಯಬೇಕು. ಯೆಮೆನ್‌ನಿಂದ ಬಂದದ್ದು ಅರೇಬಿಕಾ ಜಾತಿ. ಅದರ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಒಂದೇ ಗಿಡ ಇದ್ದರೂ ಸಂತಾನ ಮುಂದುವರಿಯುತ್ತದೆ, ಮಕ್ಕಳೂ ತಾಯಿಯಂತೆಯೇ ಇರುತ್ತವೆ. ಬೇರೆ ಜಾತಿಯಾಗಿದ್ದರೆ ಏಳು ಬೀಜದಿಂದ ಒಂದು ನಾಡು ತುಂಬುವುದು ಕಷ್ಟವಿತ್ತು.

ಅರೇಬಿಕಾಕ್ಕೆ ತಂಪು ಬೇಕು, ಎತ್ತರ ಬೇಕು, ನೆರಳು ಬೇಕು, ಬೇಸಿಗೆಯಲ್ಲಿ ಒಂದು ಹೂಮಳೆ ಬೇಕು. ಚಂದ್ರದ್ರೋಣದ ಇಳಿಜಾರಿನಲ್ಲಿ ಇವೆಲ್ಲ ಇದ್ದವು. ಮರಗಳ ನೆರಳಿನಲ್ಲಿ ಗಿಡ ಹಬ್ಬಿತು. ಸನ್ನಿಧಿಗೆ ಬಂದವರು ಬೀಜ ಒಯ್ದು ಹಿತ್ತಲಲ್ಲಿ ಹಾಕಿಕೊಂಡರು. ಸುಮಾರು ನೂರೈವತ್ತು ವರ್ಷ ಇದು ಹಿತ್ತಲ ಬೆಳೆಯಾಗಿಯೇ ಇತ್ತು. 1820, 1830ರ ಹೊತ್ತಿಗೆ ಕ್ಯಾನನ್ ಎಂಬ ಇಂಗ್ಲಿಷರು ಚಿಕ್ಕಮಗಳೂರು ಸೀಮೆಯಲ್ಲಿ ದೊಡ್ಡ ತೋಟ ಮಾಡಿದರು. ಆಮೇಲೆ ಕಾಡು ಕಡಿದು ತೋಟ ಎಬ್ಬಿಸುವುದು ಶುರುವಾಯಿತು. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಕೂಲಿಗೆ ಜನ ಬಂದರು, ಲೈನ್ ಮನೆಗಳು ಎದ್ದವು.

ಲೋಕ ಸುತ್ತಿದ ಬೀಜ

ಬೀಜ ಇಲ್ಲಿಗೇ ನಿಲ್ಲಲಿಲ್ಲ. ಡಚ್ಚರು 1696ರಲ್ಲಿ ಮಲಬಾರ್ ತೀರದಿಂದ ಕಾಫಿ ಸಸಿಗಳನ್ನು ಜಾವಾ ದ್ವೀಪಕ್ಕೆ ಒಯ್ದರು. ಅವು ನೆರೆಯಲ್ಲಿ ಹಾಳಾದವು. 1699ರಲ್ಲಿ ಮತ್ತೆ ಒಯ್ದರು, ಈ ಸಲ ಬದುಕಿದವು. 1706ರಲ್ಲಿ ಜಾವಾದ ಗಿಡವೊಂದು ಆಮ್‌ಸ್ಟರ್‌ಡ್ಯಾಮ್ ಸಸ್ಯೋದ್ಯಾನ ಸೇರಿತು. 1714ರಲ್ಲಿ ಅದರ ಸಂತತಿಯ ಒಂದು ಗಿಡ ಫ್ರಾನ್ಸ್ ದೊರೆ 14ನೇ ಲೂಯಿಗೆ ಕಾಣಿಕೆಯಾಗಿ ಹೋಯಿತು. 1723ರ ಸುಮಾರಿಗೆ ಫ್ರೆಂಚ್ ಅಧಿಕಾರಿ ದ ಕ್ಲ್ಯೂ ಒಂದು ಸಸಿಯನ್ನು ಅಟ್ಲಾಂಟಿಕ್ ದಾಟಿಸಿ ಮಾರ್ಟಿನಿಕ್ ದ್ವೀಪಕ್ಕೆ ತಂದ. ಹಡಗಿನಲ್ಲಿ ನೀರಿಗೆ ಬರ ಬಂದಾಗ ತನ್ನ ಪಾಲಿನ ನೀರನ್ನೇ ಗಿಡಕ್ಕೆ ಹಾಕಿದನಂತೆ. 1727ರಲ್ಲಿ ಬ್ರೆಜಿಲ್‌ಗೂ ಕಾಫಿ ಮುಟ್ಟಿತು. ಅಲ್ಲಿಗೂ ಹೂಗುಚ್ಛದೊಳಗೆ ಬಚ್ಚಿಟ್ಟ ಬೀಜವೇ ಹೋದದ್ದು ಎಂದು ಕಥೆ.

ಮಲಬಾರಿನ ಆ ಸಸಿಗಳು ಬಾಬಾರವರು ತಂದ ಬೀಜದ ಸಂತತಿ ಎಂದು ಬಹಳ ಜನ ನಂಬಿದ್ದಾರೆ. ಇತ್ತೀಚೆಗೆ ನಡೆದ ತಳಿ ಪರೀಕ್ಷೆಗಳೂ ಈ ಮಾತಿಗೆ ಹತ್ತಿರ ಬಂದಿವೆ. ಲೋಕದ ಅರೇಬಿಕಾ ಕಾಫಿಯ ಎರಡು ಮುಖ್ಯ ವಂಶಗಳಾದ ಟಿಪಿಕಾ ಮತ್ತು ಬೋರ್ಬನ್ ಎರಡೂ ಯೆಮೆನ್‌ನಿಂದ ಭಾರತಕ್ಕೆ ಬಂದ ಬೀಜಗಳಲ್ಲಿ ಇದ್ದಿರಬೇಕು ಎಂದು ಅವು ಸೂಚಿಸುತ್ತವೆ. ಈ ಬೆಟ್ಟದ ಕಾಫಿಗೆ ಬಾಬಾಬುಡನ್‌ಗಿರಿ ಅರೇಬಿಕಾ ಎಂಬ ಹೆಸರಿನಲ್ಲೇ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಬೀಜದ ಹಿಂದೆ ಬರುವ ರೋಗ

ಬಾಬಾರವರು ತಂದ ಹಳೆಯ ತಳಿಗೆ ತೋಟಗಾರರು ಚಿಕ್ ಎಂದು ಕರೆಯುತ್ತಿದ್ದರು. ಆ ತಳಿ ಈಗ ತೋಟಗಳಲ್ಲಿ ಉಳಿದಿಲ್ಲ. 1869ರಲ್ಲಿ ಸಿಲೋನಿನಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು ಕ್ರಮೇಣ ಅಲ್ಲಿನ ಕಾಫಿಯನ್ನು ನೆಲಸಮ ಮಾಡಿತು. ಸಿಲೋನಿನವರು ಚಹಾಕ್ಕೆ ತಿರುಗಿದ್ದು ಆಮೇಲೆಯೇ. ಅದೇ ರೋಗ ನಮ್ಮ ಕಡೆಗೂ ಬಂತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಆಮೇಲೆ ಎಲೆ ಉದುರಿ ಬೋಳು ಗಿಡ. ಇತ್ತ ಕಾಂಡ ಕೊರೆಯುವ ಹುಳ, ಅತ್ತ ತುಕ್ಕು. ಇವೆರಡರ ಮಧ್ಯೆ ಚಿಕ್ ತಳಿ ಸೋತುಹೋಯಿತು.

ಕೂರ್ಗ್ ತಳಿ ಬಂತು, ಆಮೇಲೆ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಆರಿಸಿದ ಕೆಂಟ್ಸ್ ತಳಿ ಬಂತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಂದ ಬಂದ ಎಸ್. 795 ತಳಿ ಇವತ್ತಿಗೂ ಈ ಬೆಟ್ಟದ ತೋಟಗಳಲ್ಲಿ ಇದೆ. ಬಾಬಾರವರ ಬೀಜ ನೆಟ್ಟ ನೆಲದಲ್ಲಿ ಗಿಡ ಉಳಿಸಲು ಇಷ್ಟೆಲ್ಲ ತಲೆಮಾರು ದುಡಿಯಬೇಕಾಯಿತು.

1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮತ್ತೊಂದು ಪೀಡೆ ಕಾಣಿಸಿತು, ಕಾಯಿಕೊರಕ ಹುಳ. ಎಳ್ಳು ಕಾಳಿನಷ್ಟೂ ಇಲ್ಲದ ಕಪ್ಪು ಕೀಟ. ಹಣ್ಣಿನ ಮೂತಿಗೆ ತೂತು ಕೊರೆದು ಒಳಗಿನ ಬೀಜವನ್ನೇ ತಿಂದು ಅಲ್ಲೇ ಸಂಸಾರ ಮಾಡುತ್ತದೆ. ಇದರ ತವರೂ ಆಫ್ರಿಕಾವೇ. ಹೊರಗಿನಿಂದ ಇಲ್ಲಿಗೆ ಬಂದ ಹುಳ ಕೊಡಗು, ಚಿಕ್ಕಮಗಳೂರು ಎಲ್ಲ ಕಡೆ ಹಬ್ಬಿತು. ಕೊಯ್ಲು ಮುಗಿದ ಮೇಲೂ ಗಿಡದಲ್ಲಿ, ನೆಲದಲ್ಲಿ ಒಂದು ಹಣ್ಣೂ ಉಳಿಯದಂತೆ ಆರಿಸಬೇಕಾದ ಕೆಲಸ ತೋಟದವರಿಗೆ ಬಂದದ್ದು ಹೀಗೆ.

ಕಾಫಿ ಒಂದೇ ಅಲ್ಲ. ಚಂದದ ಹೂವು ಎಂದು ಬ್ರಿಟಿಷರು ತಂದ ಲಂಟಾನ ಇವತ್ತು ನಮ್ಮ ಕಾಡನ್ನೆಲ್ಲ ಮುತ್ತಿದೆ. ಹೊರದೇಶದ ಗೋಧಿಯ ಜೊತೆ 1950ರ ದಶಕದಲ್ಲಿ ಬಂದದ್ದೆಂದು ಹೇಳುವ ಕಾಂಗ್ರೆಸ್ ಗಿಡ ಬೀದಿ ಬೀದಿಯಲ್ಲಿದೆ. ಬಂದ ಬೀಜ ಅನ್ನವೂ ಆಗಬಹುದು, ಹೊಲ ಕಾಡುಗಳಿಗೆ ಶಾಪವೂ ಆಗಬಹುದು. ಬರುವಾಗ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಯಾತ್ರಾರ್ಥಿಗಳ ಗಮನಕ್ಕೆ

ಈಚಿನ ವರ್ಷಗಳಲ್ಲಿ ಸನ್ನಿಧಿಗೆ ಬರುವವರಲ್ಲಿ ಮಕ್ಕಳನ್ನು ನೋಡಲು ಅಮೆರಿಕ, ದುಬೈಗೆ ಹೋಗಿಬರುವವರು, ಹಜ್ ಮತ್ತು ಉಮ್ರಾ ಮುಗಿಸಿ ಬಂದವರು ಬಹಳ. ಬಾಬಾರವರೇ ಬೀಜ ತಂದರಲ್ಲ, ನಾವು ತಂದರೇನು ಎಂದು ಸೂಟ್‌ಕೇಸಿನಲ್ಲಿ ಹೂವಿನ ಬೀಜ, ತರಕಾರಿ ಬೀಜ, ಗೆಡ್ಡೆ ಇಟ್ಟುಕೊಳ್ಳುವವರು ಇದ್ದಾರೆ. ದಯಮಾಡಿ ಹಾಗೆ ಮಾಡಬೇಡಿ. ಬಾಬಾರವರ ಕಾಲದಲ್ಲಿ ಬೀಜಕ್ಕೆ ಕಾವಲು ಇದ್ದದ್ದು ವ್ಯಾಪಾರದ ಸಲುವಾಗಿ. ಇವತ್ತಿನ ಕಾವಲು ರೋಗ, ಹುಳ, ಕಳೆ ಬರಬಾರದು ಎಂದು.

ನಮ್ಮ ದೇಶದಲ್ಲಿ ಇದಕ್ಕೆ 1914ರಿಂದಲೇ ಕಾಯ್ದೆ ಇದೆ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಹೊರದೇಶದಿಂದ ಬಿತ್ತನೆ ಬೀಜ ಅಥವಾ ಗಿಡ ತರಬೇಕಾದರೆ ಮೊದಲೇ ಆಮದು ಪರವಾನಗಿ ಪಡೆದಿರಬೇಕು. ಆ ದೇಶದ ಸರ್ಕಾರ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇರಬೇಕು. ಬ್ಯಾಗಿನಲ್ಲಿ ತಂದರೂ ಅಷ್ಟೇ, ಅಂಚೆ ಅಥವಾ ಕೊರಿಯರ್‌ನಲ್ಲಿ ತರಿಸಿದರೂ ಅಷ್ಟೇ. ಕಾಫಿ ಬೀಜಕ್ಕಂತೂ ಇನ್ನೂ ಬಿಗಿ. ಕೈಯಲ್ಲಿ ಬೀಜ ಇದ್ದರೆ ವಿಮಾನ ನಿಲ್ದಾಣದಲ್ಲಿ ಮುಚ್ಚಿಡದೆ ಹೇಳಿಬಿಡುವುದು ಒಳ್ಳೆಯದು. 2020ರಲ್ಲಿ ಯಾರೋ ಕಳಿಸಿದ ಗುರುತಿಲ್ಲದ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಹಲವು ದೇಶಗಳ ಮನೆಗಳಿಗೆ ಬಂದಾಗ ನಮ್ಮ ಕೇಂದ್ರ ಕೃಷಿ ಇಲಾಖೆಯೂ ಎಚ್ಚರಿಕೆ ಕೊಟ್ಟಿತ್ತು. ಅಂಥದ್ದು ಬಂದರೆ ನೆಡಬೇಡಿ, ಕಸಕ್ಕೂ ಎಸೆಯಬೇಡಿ, ಕೃಷಿ ಇಲಾಖೆಗೆ ತಿಳಿಸಿ.

ಇಲ್ಲಿಂದ ಹೊರದೇಶಕ್ಕೆ ಒಯ್ಯುವವರಿಗೂ ಇದೇ ಮಾತು. ಅಜ್ಜಿ ಕೊಟ್ಟ ಬಸಳೆ ಬೀಜ, ಹೀರೇಕಾಯಿ ಬೀಜ ಎಂದರೂ ಅಲ್ಲಿನ ಅಧಿಕಾರಿಗಳು ಬಿಡುವುದಿಲ್ಲ. ಕೆಲವು ದೇಶಗಳಲ್ಲಿ ದೊಡ್ಡ ದಂಡ ಹಾಕುತ್ತಾರೆ. ಆದರೆ ಹುರಿದ ಕಾಫಿ ಬೀಜ, ಕಾಫಿ ಪುಡಿಗೆ ಹೆಚ್ಚಿನ ಕಡೆ ತೊಂದರೆ ಇಲ್ಲ. ಹುರಿದ ಮೇಲೆ ಬೀಜ ಮೊಳೆಯುವುದಿಲ್ಲ, ಹುಳ ಬದುಕುವುದಿಲ್ಲ. ಅಂದು ಮೋಖಾದಲ್ಲಿ ಬೀಜವನ್ನು ಕಟ್ಟಿಹಾಕಿದ ಬೆಂಕಿಯೇ ಇವತ್ತು ಅದಕ್ಕೆ ರಹದಾರಿ. ಪರದೇಶದಲ್ಲಿರುವ ಮಕ್ಕಳಿಗೆ ಸನ್ನಿಧಿಯ ನೆನಪಿಗೆ ಒಂದು ಪೊಟ್ಟಣ ಪುಡಿ ಒಯ್ಯಿರಿ, ಸಾಕು.

ದಾರಿಯಲ್ಲಿ ಗಾಡಿ ನಿಲ್ಲಿಸಿ ತೋಟದ ಕೆಂಪು ಹಣ್ಣು ಕೀಳಬೇಡಿ. ಅದು ಒಬ್ಬರ ವರ್ಷದ ದುಡಿಮೆ. ಹುಳ ಹಿಡಿದ ಹಣ್ಣು ಜೇಬಿನಲ್ಲಿ ಕೂತು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತದೆ. ಮಾಣಿಕ್ಯಧಾರಾದಲ್ಲಿ ಸ್ನಾನ ಮಾಡುವವರು ಬಟ್ಟೆ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಆ ನೀರು ಕೆಳಗಿನ ಊರಿಗೆ, ತೋಟಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಮಂಜು ಕವಿದು ದಾರಿ ಕಾಣುವುದಿಲ್ಲ, ನಿಧಾನವಾಗಿ ಬನ್ನಿ.

ಏಳು ಬೀಜದ ಫಲ

ಬಾಬಾರವರು ಸಮಾಧಿಯಾದದ್ದು ಈ ಬೆಟ್ಟದಲ್ಲೇ ಎಂದು ಭಕ್ತರ ನಂಬಿಕೆ. ಬೆಟ್ಟಕ್ಕೇ ಅವರ ಹೆಸರು ನಿಂತಿತು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗ ಕರ್ನಾಟಕದ್ದು. ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳಲ್ಲಿ ಲಕ್ಷಾಂತರ ಮನೆಗಳ ಒಲೆ ಉರಿಯುವುದು ಈ ಗಿಡದಿಂದ. ಬೆಲೆ ಬಿದ್ದ ವರ್ಷ ಸಾಲ ಮಾಡಿ, ಹೂಮಳೆ ತಪ್ಪಿದ ವರ್ಷ ಆಕಾಶ ನೋಡಿ ಕೂರುವ ಬೆಳೆಗಾರರೂ, ಕೊಯ್ಲಿನ ದಿನಗಳಲ್ಲಿ ಬೆಳಗಿನ ಚಳಿಗೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೋಗುವ ಹೆಣ್ಣಾಳುಗಳೂ ಈ ಬೆಟ್ಟದ ಕಡೆ ತಿರುಗಿ ಕೈ ಮುಗಿಯುತ್ತಾರೆ.

ಸಾಮಾನ್ಯವಾಗಿ ಮಾರ್ಚ್‌ನಲ್ಲಿ ನಡೆಯುವ ಉರುಸ್‌ಗೆ, ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆ ಜನ ಗುಂಪು ಗುಂಪಾಗಿ ಬೆಟ್ಟ ಹತ್ತುತ್ತಾರೆ. ಉಳಿದ ದಿನಗಳಲ್ಲಿ ಸನ್ನಿಧಿ ಶಾಂತವಾಗಿರುತ್ತದೆ. ದರ್ಶನ ಮುಗಿಸಿ ಹೊರಗೆ ಬಂದವರು ಹತ್ತಿರದ ಹೋಟೆಲಿನಲ್ಲಿ ಒಂದು ಲೋಟ ಬಿಸಿ ಕಾಫಿ ಕುಡಿಯದೆ ಇಳಿಯುವುದು ಕಡಿಮೆ. ಆ ಲೋಟ ಕೈಗೆ ಬಂದಾಗ ಏಳು ಬೀಜ ತಂದ ಫಕೀರನನ್ನೂ, ಅದಕ್ಕೆ ಮೊದಲು ಗಿಡ ಕಾಪಾಡಿದ ಯೆಮೆನ್‌ನ ಗುಡ್ಡದ ರೈತರನ್ನೂ, ಇವತ್ತು ಅದನ್ನು ಬೆಳೆದು ಕೊಯ್ದವರನ್ನೂ ಒಂದು ಗಳಿಗೆ ನೆನೆಯಿರಿ. ಗುರುವಿನ ಕೃಪೆ ಎಲ್ಲರ ಮೇಲೂ ಇರಲಿ.